ಪಾಟಿ, ಕೊಡಪಾನ, ಕಿಟಕಿ

ಎಂಜಲು ಹಚ್ಚಿ ಪಾಟಿ ಒರೆಸದೆ ದೊಡ್ಡವರಾದವರು ನಮ್ಮ ಕಡೆ ಇರಲಿಕ್ಕಿಲ್ಲ. ಬೆಂಗಳೂರಲ್ಲೇ ಹುಟ್ಟಿ ಬೆಳೆದವರಿಗಾಗಿ ಹೇಳುತ್ತೇನೆ, ಪಾಟಿ ಅಂದರೆ ಸ್ಲೇಟು. ಅಂಕೋಲೆ ಕಡೆಯ ಹಳ್ಳಿ ಶಾಲೆಯಲ್ಲಿ ತೊಂಬತ್ತರ ದಶಕದಲ್ಲೂ ನಾವು ಅಕ್ಷರ ಕಲಿತದ್ದು ಅದರ ಮೇಲೆಯೇ. ಒರೆಸಲಿಕ್ಕೆ ಒದ್ದೆ ಬಟ್ಟೆ ತನ್ನಿ ಅಂತ ಅಕ್ಕೋರು ದಿನಾ ಹೇಳುತ್ತಿದ್ದರು. ಮಳೆಗಾಲದಲ್ಲಿ ಗೋಡೆ ಬುಡದಲ್ಲಿ ಹುಟ್ಟುವ, ದಂಟಿನ ತುಂಬ ನೀರಿರುವ ಪುಟ್ಟ ಗಿಡ ಕಿತ್ತು ತಂದು ಉಜ್ಜುವವರೂ ಇದ್ದರು. ಎರಡೂ ಕೈಗೆ ಸಿಗದಿದ್ದರೆ ಬಾಯಿ ಇದ್ದೇ ಇತ್ತು. ಥೂ ಅಂತ ಒಂದು ಹನಿ, ಅಂಗೈಯಿಂದ ಒಂದು ಸುತ್ತು, ಪಾಟಿ ಮತ್ತೆ ಕಪ್ಪು. ಪಕ್ಕದವನ ಪಾಟಿಯನ್ನೂ ಹಾಗೇ ಒರೆಸಿಕೊಡುವುದು ಸ್ನೇಹದ ಲಕ್ಷಣವಾಗಿತ್ತು.

ಇವತ್ತು ಯಾರಾದರೂ ಇದನ್ನು ನೋಡಿದರೆ ಮೊದಲು ಅನ್ನುವ ಮಾತು: "ಅಯ್ಯೋ, ಜ್ವರ ಹಬ್ಬೋದು ಹೀಗೇ." ನಿಜವಾ? ಒಂದು ಮಗುವಿನ ಫ್ಲೂ ಇಡೀ ಕ್ಲಾಸಿಗೆ ಹಬ್ಬುವುದು ಪಾಟಿ, ಬೆಂಚು, ನೀರಿನ ಲೋಟದಿಂದಲಾ, ಅಥವಾ ಎಲ್ಲರೂ ಒಂದೇ ಕೋಣೆಯಲ್ಲಿ ಉಸಿರಾಡುವ ಗಾಳಿಯಿಂದಲಾ? ನೂರು ವರ್ಷಗಳಲ್ಲಿ ಈ ಪ್ರಶ್ನೆಗೆ ಉತ್ತರ ಹಲವು ಸಲ ತಿರುವುಮುರುವಾಗಿದೆ. ಇದು ಬರೀ ಕುತೂಹಲದ ಪ್ರಶ್ನೆಯೂ ಅಲ್ಲ. ಬಡ ಶಾಲೆಯೊಂದರ ಕೈಯಲ್ಲಿರುವ ಚೂರುಪಾರು ದುಡ್ಡು ಎಲ್ಲಿಗೆ ಹೋಗಬೇಕು ಅನ್ನೋದು ಈ ಉತ್ತರದ ಮೇಲೆ ನಿಂತಿದೆ.

ಶುರು ಮಾಡಲು 1918ಕ್ಕಿಂತ ಒಳ್ಳೆಯ ವರ್ಷವಿಲ್ಲ.

ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದ್ದು. 1862ರಲ್ಲಿ ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದ ಉತ್ತರ ಕನ್ನಡ, 1956ರವರೆಗೂ ಅಲ್ಲೇ ಇತ್ತು. ಕಾರವಾರ ಜಿಲ್ಲೆಯ ಮುಖ್ಯ ಪಟ್ಟಣ. ಕೊಂಕಣ ರೈಲು ಬರಲು ಇನ್ನೂ ಮುಕ್ಕಾಲು ಶತಮಾನ ಬಾಕಿ. ಹುಬ್ಬಳ್ಳಿಗೆ ಹೋಗಬೇಕಾದರೆ ಅರಬೈಲು ಘಟ್ಟ ಹತ್ತಬೇಕು. ಮುಂಬಯಿಗಾದರೆ ಕರಾವಳಿಯ ಬಂದರುಗಳನ್ನು ಮುಟ್ಟುತ್ತ ಹೋಗುವ ಉಗಿಹಡಗು. ನೌಕರಿಗೆ, ಓದಿಗೆ, ಕೋರ್ಟಿಗೆ, ವ್ಯಾಪಾರಕ್ಕೆ ಜನ ಮುಖ ಮಾಡುತ್ತಿದ್ದದ್ದು ಮುಂಬಯಿಯ ಕಡೆಗೇ. ಹೀಗಾಗಿ ಮುಂಬಯಿಗೆ ಸೀನು ಬಂದರೆ ಕಾರವಾರಕ್ಕೆ ಮೂಗು ಸೋರುವುದು ಸಹಜವಾಗಿತ್ತು.

ಆ ವರ್ಷ ಮುಂಬಯಿಗೆ ಬಂದದ್ದು ಬರೀ ಸೀನಲ್ಲ. ಮೊದಲ ಮಹಾಯುದ್ಧದ ಸೈನಿಕರು ಹಡಗುಗಳಲ್ಲಿ ವಾಪಸಾಗುತ್ತಿದ್ದ ಕಾಲ. ಜೂನ್ 10ರಂದು ಏಳು ಜನ ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು, ಅವರಲ್ಲಿ ಒಬ್ಬ ಬಂದರಿನಲ್ಲಿ ಪಹರೆಗಿದ್ದವನು. ಆ ಮೊದಲ ಅಲೆ ಜೋರಾಗಿ ಬಂದರೂ ಅಷ್ಟಾಗಿ ಕೊಲ್ಲಲಿಲ್ಲ. ಸೆಪ್ಟೆಂಬರಿನಲ್ಲಿ ಎದ್ದ ಎರಡನೇ ಅಲೆ ಕೊಂದಿತು. ಅಕ್ಟೋಬರ್ 6ರ ಒಂದೇ ದಿನ ಮುಂಬಯಿ ನಗರದಲ್ಲಿ 768 ಜನ ಸತ್ತರು. ಇಡೀ ಪ್ರಾಂತ್ಯದಲ್ಲಿ ಸತ್ತವರು 10 ಲಕ್ಷಕ್ಕೂ ಹೆಚ್ಚು. ದೇಶದ ಲೆಕ್ಕ ಒಂದೊಂದು ಅಂದಾಜಿನಲ್ಲಿ ಒಂದೊಂದು ಥರ, ಸುಮಾರು 1.2 ಕೋಟಿಯಿಂದ 2 ಕೋಟಿವರೆಗೆ. ಮರಾಠಿ ಜನ ಇದನ್ನು ಮಾನಮೋಡಿ ಎಂದರು. ಕತ್ತು ಮುರಿಯುವ ಜ್ವರ ಅಂತ ಅರ್ಥ.

ಕರಾವಳಿಯ ಕ್ಯಾಲೆಂಡರ್ ಇಟ್ಟುಕೊಂಡು ಈ ಎರಡು ಅಲೆಗಳನ್ನು ನೋಡಿ. ಜೂನ್ ಅಂದರೆ ಸಮುದ್ರ ಕೆರಳಿ ಉಗಿಹಡಗುಗಳ ಓಡಾಟ ನಿಲ್ಲುವ ತಿಂಗಳು. ಸೆಪ್ಟೆಂಬರ್ ಅಂದರೆ ಮಳೆ ಇಳಿದು ಹಡಗು ಮತ್ತೆ ಹೊರಡುವ ತಿಂಗಳು. ಕೊಲ್ಲುವ ಅಲೆ ಎದ್ದದ್ದು ದಾರಿ ತೆರೆಯುವ ಹೊತ್ತಿಗೆ ಸರಿಯಾಗಿ. ಸಾಲದ್ದಕ್ಕೆ ಆ ವರ್ಷ ದೇಶದ ದೊಡ್ಡ ಭಾಗದಲ್ಲಿ ಮಳೆ ಕೈಕೊಟ್ಟು ಧಾನ್ಯದ ಬೆಲೆ ಏರಿತ್ತು. ಹಸಿದ ಮೈಗೆ ಜ್ವರ ಬೇಗ ಹತ್ತುತ್ತದೆ. 1901ರಲ್ಲಿ ಸುಮಾರು ನಾಲ್ಕೂವರೆ ಲಕ್ಷ ಇದ್ದ ಜಿಲ್ಲೆಯ ಜನಸಂಖ್ಯೆ 1921ರ ಹೊತ್ತಿಗೆ ಸುಮಾರು ನಾಲ್ಕು ಲಕ್ಷಕ್ಕೆ ಇಳಿದಿತ್ತು. ಮಲೇರಿಯಾ, ಪ್ಲೇಗು, ಇನ್‌ಫ್ಲುಯೆಂಜಾ ಎಲ್ಲವೂ ಸೇರಿ ತಿಂದ ಲೆಕ್ಕ ಅದು. ಮುಂದೆ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯ ತುಂಬ ಶಾಲೆ ತೆರೆದ ಅಂಕೋಲೆಯ ದಿನಕರ ದೇಸಾಯಿ ಆಗ ಒಂಬತ್ತು ವರ್ಷದ ಹುಡುಗ.

ಈ ಜ್ವರ ಹೇಗೆ ಹಬ್ಬುತ್ತದೆ ಅಂತ ಅಂದಿನವರು ತಿಳಿದಿದ್ದರು? ಅದಕ್ಕೆ ಇನ್ನೂ 20 ವರ್ಷ ಹಿಂದೆ ಹೋಗಬೇಕು, ಪ್ಲೇಗಿನ ಕಾಲಕ್ಕೆ.

1896ರಲ್ಲಿ ಪ್ಲೇಗು ಮುಂಬಯಿಗೆ ಬಂದಾಗ ಸರ್ಕಾರ ಅದನ್ನು ವಸ್ತುಗಳಲ್ಲಿ ಹುಡುಕಿತು. ಮನೆ ನೆಲಕ್ಕೆ ಕಾರ್ಬಾಲಿಕ್ ಆಸಿಡ್, ಗೋಡೆಗೆ ಸುಣ್ಣ, ಹಾಸಿಗೆ ಬಟ್ಟೆಗೆ ಬೆಂಕಿ. ಚರಂಡಿಗಳಿಗೆ ಸಮುದ್ರದ ನೀರು ಬಿಟ್ಟು ತೊಳೆದರು. ಜನ ರೊಚ್ಚಿಗೆದ್ದರು, ರೋಗ ಮಾತ್ರ ನಿಲ್ಲಲಿಲ್ಲ. 1898ರಲ್ಲಿ ಅದು ಹುಬ್ಬಳ್ಳಿಯನ್ನು ಹಿಂಡಿ ಹಾಕಿತು. ಅದೇ ವರ್ಷ, ಅದೇ ಪ್ರಾಂತ್ಯಕ್ಕೆ ಸೇರಿದ್ದ ಕರಾಚಿಯಲ್ಲಿ ಪಾಲ್-ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯ ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ಸಾಗಿಸುತ್ತದೆ ಎಂದು ತೋರಿಸಿದ. ಅಂದರೆ ಅಷ್ಟು ದಿನ ಉಜ್ಜಿದ್ದು ನೆಲ, ಓಡಾಡುತ್ತಿದ್ದದ್ದು ಇಲಿ. ಚರಂಡಿಗೆ ಸುರಿದ ನೀರು, ಔಷಧಿ ಇಲಿಗಳನ್ನು ಓಡಿಸಿ ಬೇರೆ ಮನೆಗಳಿಗೆ ಹಂಚಿರಲೂಬಹುದು.

ವಸ್ತುವಿನಲ್ಲಿ ರೋಗ ಕೂತಿರುತ್ತದೆ ಅನ್ನುವ ಯೋಚನೆ ಇನ್ನೂ ಹಳೆಯದು. 1546ರಲ್ಲಿ ಇಟಲಿಯ ವೆರೋನಾದ ವೈದ್ಯ ಫ್ರಕಾಸ್ಟೊರೊ ಸೋಂಕಿನ ಬಗ್ಗೆ ಪುಸ್ತಕ ಬರೆದು, ರೋಗ ಹೊತ್ತ ಬಟ್ಟೆಬರೆಗೆ ಫೋಮಿಟಿಸ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಅದಕ್ಕೆ ಕಿಡಿ ಹತ್ತಿಸುವ ಒಣ ಪುಡಿ ಎಂಬ ಅರ್ಥ. ಚೆನ್ನಾದ ಹೋಲಿಕೆ ಅಲ್ವಾ? ಕಣ್ಣಿಗೆ ಏನೂ ಕಾಣದು, ಆದರೆ ಒಳಗೆ ಕಿಚ್ಚು ಕೂತಿದೆ. ಡಾಕ್ಟರುಗಳು ಇಂದಿಗೂ ಬಾಗಿಲ ಹಿಡಿಕೆ, ಲೋಟ, ಪೆನ್ನು ಇವನ್ನೆಲ್ಲ ಇದೇ ಹೆಸರಿನಿಂದ ಕರೆಯುತ್ತಾರೆ.

ಇಪ್ಪತ್ತನೇ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ಅಮೆರಿಕದಲ್ಲಿ ಈ ಕಿಚ್ಚಿನ ಭಯ ಶಾಲೆಗೂ ಬಂತು. ಶಾಲೆ, ರೈಲುಗಳಲ್ಲಿ ಸರಪಳಿಗೆ ಕಟ್ಟಿದ ಒಂದೇ ಲೋಟದಲ್ಲಿ ಎಲ್ಲರೂ ನೀರು ಕುಡಿಯುತ್ತಿದ್ದರು. 1909ರಲ್ಲಿ ಕ್ಯಾನ್ಸಸ್ ರಾಜ್ಯ ಅದನ್ನು ನಿಷೇಧಿಸಿತು, ಬೇರೆ ರಾಜ್ಯಗಳು ಹಿಂಬಾಲಿಸಿದವು. ನಮ್ಮ ಆಫೀಸುಗಳ ವಾಟರ್ ಕೂಲರ್ ಪಕ್ಕ ಇರುವ ಪೇಪರ್ ಕಪ್ಪು ಹುಟ್ಟಿದ್ದು ಆ ಗಡಿಬಿಡಿಯಲ್ಲೇ.

ಇಲ್ಲಿ ಸ್ವಲ್ಪ ನಿಂತು ನಮ್ಮ ಕಡೆ ನೋಡಬೇಕು. ಒಂದೇ ಲೋಟಕ್ಕೆ ತುಟಿ ಹಚ್ಚಬಾರದು ಅಂತ ನಮಗೆ ಯಾವ ಕಾನೂನೂ ಹೇಳಬೇಕಿರಲಿಲ್ಲ. ಎತ್ತಿ ಕುಡಿಯುವುದು ನಮ್ಮಲ್ಲಿ ಮೊದಲಿಂದಲೂ ಇತ್ತು. ಶಾಲೆಯ ಮೂಲೆಯಲ್ಲಿ ಒಂದು ಕೊಡಪಾನ, ಅದರ ಮೇಲೆ ಮುಚ್ಚಳ, ಪಕ್ಕದಲ್ಲಿ ಒಂದು ಚೊಂಬು. ಆದರೆ ಆ ಕೊಡಪಾನವನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಅನ್ನುವ ನಿಯಮಕ್ಕೂ ರೋಗಕ್ಕೂ ಸಂಬಂಧವೇ ಇರಲಿಲ್ಲ. 1856ರಲ್ಲಿ ಮಹಾರ ಸಮುದಾಯದ ಹುಡುಗನೊಬ್ಬ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ. ಬೇರೆ ಮಕ್ಕಳು ಶಾಲೆ ಬಿಟ್ಟಾರು ಎಂದು ಹೆದರಿದ ಮುಂಬಯಿ ಸರ್ಕಾರ ಅವನನ್ನು ಸೇರಿಸಿಕೊಳ್ಳಲಿಲ್ಲ. ಸತಾರೆಯ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ಕೂರಲು ಮನೆಯಿಂದ ಗೋಣಿ ತಟ್ಟು ಒಯ್ಯಬೇಕಿತ್ತು. ಬಾಯಾರಿದರೆ ನಳವನ್ನು ತಾನೇ ಮುಟ್ಟುವಂತಿಲ್ಲ, ಜವಾನ ಬಂದು ಬಿಟ್ಟರೆ ನೀರು, ಜವಾನ ಇಲ್ಲದ ದಿನ ನೀರಿಲ್ಲ. ಸರ್ಕಾರಿ ಕೆರೆ, ಬಾವಿ, ಶಾಲೆಗಳು ಎಲ್ಲರಿಗೂ ತೆರೆದಿರಬೇಕು ಎಂದು ಮುಂಬಯಿ ಶಾಸನಸಭೆ ಗೊತ್ತುವಳಿ ಮಾಡಿದ್ದು 1923ರಲ್ಲಿ, ಎಸ್.ಕೆ. ಬೋಲೆ ಅವರು ಮಂಡಿಸಿದ ಮೇಲೆ.

ಈ ಕತೆ ಇಲ್ಲಿ ಯಾಕೆ ಅಂದರೆ, ಮುಟ್ಟಿದ ವಸ್ತುವಿನ ಭಯ ನಮ್ಮಲ್ಲಿ ರೋಗಾಣುವಿಗಿಂತ ಎಷ್ಟೋ ಮೊದಲೇ ಮನೆ ಮಾಡಿತ್ತು. ಆ ಭಯ ಯಾವತ್ತೂ ವಸ್ತುವಿನ ಮೇಲೆ ನಿಲ್ಲುವುದಿಲ್ಲ, ಅದನ್ನು ಮುಟ್ಟಿದ ಮನುಷ್ಯನ ಮೇಲೆ ಹೋಗಿ ಕೂರುತ್ತದೆ. 2020ರಲ್ಲಿ ಅಪಾರ್ಟ್‌ಮೆಂಟಿನ ಲಿಫ್ಟಿಗೆ ಕೆಲಸದ ಹೆಂಗಸರು ಬರಬಾರದು ಅಂತ ನೋಟಿಸ್ ಹಚ್ಚಿದ್ದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಲಿಫ್ಟಿನ ಬಟನ್ ಒಂದೇ, ಬೆರಳು ಮಾತ್ರ ಬೇರೆ.

ಸರಿ, ಮತ್ತೆ ಫ್ಲೂಗೆ ಬರೋಣ. 1910ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದ ಆರೋಗ್ಯಾಧಿಕಾರಿ ಚಾರ್ಲ್ಸ್ ಚಾಪಿನ್ ಒಂದು ದೊಡ್ಡ ಪುಸ್ತಕ ಬರೆದು, ಕೋಣೆಗಳಿಗೆ ಹೊಗೆ ಹಾಕುವುದು, ಪೀಠೋಪಕರಣ ತೊಳೆಯುವುದು ಹೆಚ್ಚಾಗಿ ವ್ಯರ್ಥ ಅಂದ. ರೋಗ ಬರುವುದು ರೋಗಿಯ ಹತ್ತಿರದ ಒಡನಾಟದಿಂದ, ಕೈಬೆರಳಿನಿಂದ, ಬಾಯಿಂದ ಹಾರುವ ಹನಿಯಿಂದ ಅನ್ನೋದು ಅವನ ವಾದ. ಜೊತೆಗೆ, ಗಾಳಿಯಿಂದ ರೋಗ ದೂರದವರೆಗೆ ಹಬ್ಬುತ್ತದೆ ಅನ್ನುವುದನ್ನೂ ಹಳೇ ಮೂಢನಂಬಿಕೆಯ ಪಟ್ಟಿಗೆ ಸೇರಿಸಿಬಿಟ್ಟ. ಅರ್ಧ ಸರಿಯಿದ್ದ ಈ ಮಾತು ಮುಂದಿನ ಎಷ್ಟೋ ದಶಕಗಳ ಕಾಲ ವೈದ್ಯಕೀಯ ಪಠ್ಯವಾಯಿತು.

1918ರಲ್ಲಿ ಗೊಂದಲ ಇನ್ನೂ ಹೆಚ್ಚು. ಇನ್‌ಫ್ಲುಯೆಂಜಾಕ್ಕೆ ವೈರಸ್ ಕಾರಣ ಅನ್ನೋದೇ ಗೊತ್ತಿರಲಿಲ್ಲ. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಗುರುತಿಸಿದ ಒಂದು ಬ್ಯಾಕ್ಟೀರಿಯಾವೇ ಅಪರಾಧಿ ಅಂತ ಬಹಳ ಜನ ನಂಬಿದ್ದರು. ಹಬ್ಬುವ ಬಗೆ ತಿಳಿಯಲು ಮಿಲ್ಟನ್ ರೋಸೆನೋ ಎಂಬ ವೈದ್ಯ ಬಾಸ್ಟನ್ ಬಂದರಿನ ಒಂದು ದ್ವೀಪದಲ್ಲಿ ನೌಕಾಪಡೆಯ ಕೈದಿಗಳ ಮೇಲೆ ಪ್ರಯೋಗ ಮಾಡಿದ. ರೋಗಿಗಳ ಮೂಗು, ಗಂಟಲಿನ ಸ್ರಾವ ತೆಗೆದು ಇವರ ಮೂಗಿಗೆ, ಕಣ್ಣಿಗೆ ಹಾಕಿದರು. ರೋಗಿಗಳ ಎದುರು ಕೂರಿಸಿ ಮುಖಕ್ಕೆ ಕೆಮ್ಮಿಸಿದರು. ಒಬ್ಬರಿಗೂ ಇನ್‌ಫ್ಲುಯೆಂಜಾ ಬರಲಿಲ್ಲ! ಅವರಲ್ಲಿ ಹಲವರಿಗೆ ಮೊದಲೇ ಜ್ವರ ತಾಗಿ ಮೈ ಗಟ್ಟಿಯಾಗಿದ್ದಿರಬಹುದು ಅನ್ನೋದು ಈಗಿನವರ ವಿವರಣೆ. ಊರೂರೇ ಸಾಯುತ್ತಿದ್ದಾಗ ಪ್ರಯೋಗಶಾಲೆಯಲ್ಲಿ ಆ ಜ್ವರ ಅಂಟಿಸಲು ಆಗಲಿಲ್ಲ ಅನ್ನೋದು ಮಾತ್ರ ಇತಿಹಾಸದ ವಿಚಿತ್ರಗಳಲ್ಲೊಂದು.

ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ ಸಿಕ್ಕಿದ್ದು 1933ರಲ್ಲಿ, ಲಂಡನ್ನಿನಲ್ಲಿ, ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಯ ಸಹಾಯದಿಂದ. ಸುಮಾರು ಅದೇ ಹೊತ್ತಿಗೆ ಅಮೆರಿಕದಲ್ಲಿ ವಿಲಿಯಂ ವೆಲ್ಸ್ ಎಂಬಾತ ಕೆಮ್ಮಿದ ಹನಿ ಎಲ್ಲಿಗೆ ಹೋಗುತ್ತದೆ ಅಂತ ಲೆಕ್ಕ ಹಾಕಿದ. ದೊಡ್ಡ ಹನಿ ನೆಲಕ್ಕೆ ಬೀಳುತ್ತದೆ. ಸಣ್ಣದು ಬೀಳುವ ಮೊದಲೇ ಒಣಗಿ ಧೂಳಿಗಿಂತ ಹಗುರವಾಗಿ ತೇಲುತ್ತದೆ, ಊದುಬತ್ತಿಯ ಹೊಗೆಯ ಹಾಗೆ. ಅವನು ಫಿಲಡೆಲ್ಫಿಯಾ ಸುತ್ತಲಿನ ಶಾಲೆಗಳಲ್ಲಿ ಸೂರಿನ ಕೆಳಗೆ ನೇರಳಾತೀತ ದೀಪ ಕಟ್ಟಿ ಗಾಳಿಯನ್ನು ಶುದ್ಧ ಮಾಡಿದ. 1941ರ ದಡಾರ ಆ ತರಗತಿಗಳಲ್ಲಿ ಕಡಿಮೆ ಹಬ್ಬಿತು. ಬೇರೆಡೆ ಅದೇ ಪ್ರಯೋಗ ಮಾಡಿದಾಗ ಅಂಥ ಫಲ ಸಿಗಲಿಲ್ಲ. ಅಲ್ಲಿನ ಮಕ್ಕಳು ಶಾಲೆಗೆ ಬರುತ್ತಿದ್ದದ್ದು ಒಂದೇ ಬಸ್ಸಿನಲ್ಲಿ, ಬಸ್ಸಿನಲ್ಲಿ ದೀಪ ಇರಲಿಲ್ಲ ಅನ್ನೋದು ಒಂದು ವಿವರಣೆ. ಕಾರವಾರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿ ಮುಚ್ಚಿ ನಿಂತುಕೊಂಡು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1977ರಲ್ಲಿ ಅಲಾಸ್ಕಾದಲ್ಲಿ ಒಂದು ವಿಮಾನ ಕೆಟ್ಟು ನಿಂತಿತು. ಒಳಗೆ 54 ಜನ, ಅವರಲ್ಲಿ ಒಬ್ಬರಿಗೆ ಫ್ಲೂ. ಗಾಳಿ ಆಡಿಸುವ ಯಂತ್ರ ಬಂದ್ ಆಗಿತ್ತು. ಮೂರೇ ದಿನದಲ್ಲಿ ಶೇ. 72ರಷ್ಟು ಪ್ರಯಾಣಿಕರಿಗೆ ಜ್ವರ ಬಂತು. ಅಷ್ಟೂ ಜನ ಒಂದೇ ಹಿಡಿಕೆ ಮುಟ್ಟಿದ್ದರು ಅನ್ನೋದಕ್ಕಿಂತ ಅಷ್ಟೂ ಜನ ಒಂದೇ ಗಾಳಿ ಉಸಿರಾಡಿದರು ಅನ್ನೋದೇ ಹೆಚ್ಚು ಒಪ್ಪುವ ಮಾತು.

ಹಾಗಾದರೆ ನಮ್ಮ ಪಾಟಿ ನಿರಪರಾಧಿಯಾ? ಪೂರ್ತಿ ಅಲ್ಲ. 1982ರಲ್ಲಿ ಅಮೆರಿಕದ ವಿಜ್ಞಾನಿಗಳು ಫ್ಲೂ ವೈರಸ್ಸನ್ನು ಬೇರೆ ಬೇರೆ ವಸ್ತುಗಳ ಮೇಲೆ ಹಾಕಿ ನೋಡಿದರು. ಸ್ಟೀಲು, ಪ್ಲಾಸ್ಟಿಕ್ಕಿನಂಥ ಗಟ್ಟಿ ನುಣುಪು ವಸ್ತುಗಳ ಮೇಲೆ ಅದು 24ರಿಂದ 48 ಗಂಟೆ ಬದುಕಿತು. ಬಟ್ಟೆ, ಕಾಗದದ ಮೇಲೆ 8ರಿಂದ 12 ಗಂಟೆಯ ಒಳಗೇ ಮುಗಿಯಿತು. ಕೈಮೇಲೆ? ಬರೀ 5 ನಿಮಿಷ. ಅಂದರೆ ಸರಪಳಿ ಹೀಗೆ: ಸೋರುವ ಮೂಗು, ಅದನ್ನು ಒರೆಸಿದ ಕೈ, ಆ ಕೈ ಮುಟ್ಟಿದ ಬೆಂಚು, ಬೆಂಚು ಮುಟ್ಟಿದ ಇನ್ನೊಂದು ಕೈ, ಆ ಕೈ ಐದು ನಿಮಿಷದ ಒಳಗೆ ಮುಟ್ಟಿಕೊಂಡ ಕಣ್ಣೋ ಮೂಗೋ ಬಾಯೋ. ಪ್ರತಿ ಕೊಂಡಿಯಲ್ಲೂ ವೈರಸ್ಸಿನ ಪ್ರಮಾಣ ಇಳಿಯುತ್ತ ಹೋಗುತ್ತದೆ. ದೊಡ್ಡವರ ಆಫೀಸಿನಲ್ಲಿ ಈ ಸರಪಳಿ ಬೇಗ ತುಂಡಾಗುತ್ತದೆ. ಒಂದನೇ ಕ್ಲಾಸಿನಲ್ಲಿ ಅಷ್ಟು ಬೇಗ ತುಂಡಾಗುವುದಿಲ್ಲ, ಯಾಕಂದರೆ ಆ ವಯಸ್ಸಿನ ಕೈ ಇರುವುದೇ ಮೂಗಿನಲ್ಲಿ ಅಥವಾ ಬಾಯಲ್ಲಿ. ಜೊತೆಗೆ ಚಿಕ್ಕ ಮಕ್ಕಳ ಮೈಯಿಂದ ವೈರಸ್ ಹೊರಬೀಳುವುದು ದೊಡ್ಡವರಿಗಿಂತ ಹೆಚ್ಚು ದಿನ.

ಅದಕ್ಕೇ ಕೈ ತೊಳೆಯುವುದು ಶಾಲೆಯಲ್ಲಿ ಫಲ ಕೊಡುತ್ತದೆ. ಈಜಿಪ್ಟಿನ ಕೈರೋದಲ್ಲಿ 2008ರಲ್ಲಿ 60 ಪ್ರಾಥಮಿಕ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಅರ್ಧ ಶಾಲೆಗಳಲ್ಲಿ ಮಕ್ಕಳಿಗೆ ದಿನಕ್ಕೆ ಎರಡು ಸಲವಾದರೂ ಸೋಪು ಹಚ್ಚಿ ಕೈ ತೊಳೆಸಿದರು. ಆ ಶಾಲೆಗಳಲ್ಲಿ ಪರೀಕ್ಷೆಯಲ್ಲಿ ಖಚಿತವಾದ ಫ್ಲೂ ಅರ್ಧದಷ್ಟು ಇಳಿಯಿತು, ಫ್ಲೂ ಥರದ ಜ್ವರಕ್ಕೆ ಶಾಲೆ ತಪ್ಪಿಸುವುದು ಶೇ. 40ರಷ್ಟು ಇಳಿಯಿತು. ಅಮೆರಿಕದ ಪಿಟ್ಸ್‌ಬರ್ಗಿನ 10 ಶಾಲೆಗಳಲ್ಲಿ ನಡೆದ ಇಂಥದ್ದೇ ಅಧ್ಯಯನದಲ್ಲಿ ಫಲ ಇಷ್ಟು ನೇರವಾಗಿರಲಿಲ್ಲ. ಒಟ್ಟಾರೆ ಫ್ಲೂನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ, ಆದರೆ ಎ ಬಗೆಯ ಫ್ಲೂ ಅರ್ಧಕ್ಕಿಂತ ಕೆಳಗಿಳಿಯಿತು. ಎರಡೂ ಕಡೆ ಮಕ್ಕಳಿಗೆ ಕಲಿಸಿದ್ದು ಕೈಯ ಶಿಸ್ತನ್ನು. ಬೆಂಚಿಗೆ ಔಷಧಿ ಹೊಡೆಯುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ. ಬೆಂಚು ಒರೆಸಿದ ಮರುಕ್ಷಣ ಯಾರಾದರೂ ಸೀನಬಹುದು. ಕೈ ಅನ್ನೋದು ಸರಪಳಿಯ ಕೊನೆಯ ಕೊಂಡಿ, ಅಲ್ಲಿ ಕತ್ತರಿಸಿದರೆ ಹಿಂದಿನ ಅಷ್ಟೂ ಕೊಂಡಿ ಬಿದ್ದುಹೋಗುತ್ತದೆ.

ಇಷ್ಟು ಗೊತ್ತಿದ್ದೂ ನಾವು ಯಾಕೆ ಮತ್ತೆ ಮತ್ತೆ ವಸ್ತುವಿನ ಹಿಂದೆ ಬೀಳುತ್ತೇವೆ? ನನ್ನ ಕೆಲಸದಿಂದ ಒಂದು ಹೋಲಿಕೆ ಕೊಡುತ್ತೇನೆ. ಸರ್ವರ್ ಬಿದ್ದಾಗ ಎಲ್ಲರೂ ಮೊದಲು ನೋಡುವುದು ಲಾಗ್ ಇರುವ ಕಡೆ. ಬಗ್ ಅಲ್ಲಿ ಇರಬೇಕಂತಿಲ್ಲ, ಆದರೆ ನೋಡಲಿಕ್ಕೆ ಏನೋ ಸಿಗುವುದು ಅಲ್ಲಿ ಮಾತ್ರ. ವಸ್ತುಗಳು ಲಾಗ್ ಇದ್ದ ಹಾಗೆ. ಬೆಂಚಿನ ಮೇಲೆ ಹತ್ತಿ ಒರೆಸಿ ಪರೀಕ್ಷೆಗೆ ಕಳಿಸಿದರೆ ವೈರಸ್ಸಿನ ಚೂರು ಸಿಗುತ್ತದೆ, ಅದು ಸತ್ತದ್ದಾದರೂ ಸರಿ. ಗಾಳಿ ತನ್ನ ಗುರುತು ಉಳಿಸದೆ ಹೋಗುತ್ತದೆ. ಒರೆಸಿದ್ದನ್ನು ಫೋಟೋ ತೆಗೆದು ಹಾಕಬಹುದು, ಕಿಟಕಿ ತೆರೆದಿಟ್ಟದ್ದನ್ನು ಯಾರು ಫೋಟೋ ತೆಗೆಯುತ್ತಾರೆ?

2009ರಲ್ಲಿ ಹಂದಿಜ್ವರ ಅಂತ ಎಲ್ಲರೂ ಕರೆದ ಫ್ಲೂ ಬಂದಾಗ ದೇಶದಲ್ಲಿ ಮೊದಲು ಸತ್ತದ್ದು ಪುಣೆಯ 14 ವರ್ಷದ ಒಬ್ಬ ಶಾಲಾ ಹುಡುಗಿ, ಆಗಸ್ಟ್ 3ರಂದು. ಪುಣೆಯ ಶಾಲೆ ಕಾಲೇಜುಗಳು ಮುಚ್ಚಿದವು. 2020ರಲ್ಲಿ ಕೊರೊನಾ ಬಂದಾಗ ನಾವು ತರಕಾರಿ ತೊಳೆದೆವು, ಹಾಲಿನ ಪ್ಯಾಕೆಟ್ಟಿಗೆ ಸ್ಯಾನಿಟೈಸರ್ ಹಚ್ಚಿದೆವು, ರಸ್ತೆಗಳಿಗೆ ಔಷಧಿ ಸಿಂಪಡಿಸಿದೆವು. 2021ರ ಏಪ್ರಿಲ್ ಹೊತ್ತಿಗೆ ಅಮೆರಿಕದ ಸಿಡಿಸಿ ಸಂಸ್ಥೆ, ವೈರಸ್ ಇರುವ ವಸ್ತುವನ್ನು ಒಂದು ಸಲ ಮುಟ್ಟಿದರೆ ಕೊರೊನಾ ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ದಲ್ಲಿ ಒಂದಕ್ಕಿಂತ ಕಡಿಮೆ ಅಂದಿತು. ಕೊರೊನಾ ಬೇರೆ, ಫ್ಲೂ ಬೇರೆ, ಆದರೆ ಪ್ಲೇಗಿನ ಕಾಲದ ಕಾರ್ಬಾಲಿಕ್ ಆಸಿಡ್ ನೆನಪಾಗದೆ ಇರಲಿಲ್ಲ. ಕರ್ನಾಟಕದಲ್ಲಿ ಒಂದರಿಂದ ಐದನೇ ಕ್ಲಾಸಿನ ಮಕ್ಕಳು ಮತ್ತೆ ಶಾಲೆಗೆ ಬಂದದ್ದು 2021ರ ಅಕ್ಟೋಬರ್ 25ರಂದು. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಆ ಪುಟ್ಟ ಮಕ್ಕಳಿಗೆ ತರಗತಿ ಇರಲಿಲ್ಲ, ಬಿಸಿಯೂಟದ ಒಲೆ ಉರಿಯಲಿಲ್ಲ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರು ಹೇಗೋ ಕಲಿತರು, ಇಲ್ಲದವರು ಅಕ್ಷರ ಮರೆತರು. ಹಬ್ಬುವ ದಾರಿ ಸರಿಯಾಗಿ ಗೊತ್ತಿಲ್ಲದಿದ್ದಾಗ ಶಾಲೆ ಮುಚ್ಚುವುದೊಂದೇ ಉಪಾಯ ಆಗಿಬಿಡುತ್ತದೆ, ಅದರ ಬೆಲೆಯನ್ನು ಎಲ್ಲರೂ ಸಮನಾಗಿ ಕೊಡುವುದಿಲ್ಲ.

ಈಗ ನಮ್ಮೂರಿಗೆ ಬರುತ್ತೇನೆ. ಭಾರತದಲ್ಲಿ ಫ್ಲೂಗೆ ಎರಡು ಹಂಗಾಮು. ಒಂದು ಜನವರಿಯಿಂದ ಮಾರ್ಚ್, ಇನ್ನೊಂದು ಮಳೆಗಾಲ. ಕಾರವಾರ ಅಂಕೋಲೆಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಶಾಲೆ ಶುರುವಾಗುವುದೂ ಜೂನ್‌ನಲ್ಲೇ. ಬೇಸಿಗೆಯಿಡೀ ಗೇರುಹಣ್ಣು ಹೆಕ್ಕುತ್ತ, ಸಮುದ್ರದ ದಂಡೆಯಲ್ಲಿ ಬಯಲಿನ ಗಾಳಿಯಲ್ಲಿದ್ದ ಮಕ್ಕಳು ಒಂದೇ ವಾರದಲ್ಲಿ ಹಂಚಿನ ಮಾಡಿನ ಕೋಣೆಯೊಳಗೆ ತುಂಬುತ್ತಾರೆ. ಗಾಳಿಮಳೆಯ ಎರಚಲು ಒಳಗೆ ಬರುತ್ತದೆ ಅಂತ ಕಿಟಕಿ ಮುಚ್ಚುತ್ತಾರೆ, ಜಗಲಿಗೆ ಮಡಲಿನ ತಟ್ಟಿ ಕಟ್ಟುತ್ತಾರೆ. ಒದ್ದೆ ಬಟ್ಟೆ, ಒದ್ದೆ ಕೊಡೆ, ಮುಚ್ಚಿದ ಕಿಟಕಿ, ಮೂವತ್ತು ಮಕ್ಕಳು. ಅಲಾಸ್ಕಾದ ವಿಮಾನಕ್ಕೂ ಇದಕ್ಕೂ ಏನು ವ್ಯತ್ಯಾಸ? ಜುಲೈ ಎರಡನೇ ವಾರದ ಹೊತ್ತಿಗೆ ಅರ್ಧ ಹಾಜರಿ ಪುಸ್ತಕ ಖಾಲಿ.

ನನ್ನ ದೊಡ್ಡಪ್ಪನ ಮಗಳು ಅಂಕೋಲೆ ತಾಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರು. ಆ ಶಾಲೆಯಲ್ಲಿ ಓದಿ ಈಗ ಬೆಂಗಳೂರು, ಪುಣೆಯಲ್ಲಿರುವ ನಾವೊಂದಿಷ್ಟು ಜನ ಸೇರಿ ಶಾಲೆಗೆ ಏನಾದರೂ ಮಾಡಬೇಕು ಅಂತ ದುಡ್ಡು ಕೂಡಿಸಿದ್ದೆವು. ಔಷಧಿ ಸಿಂಪಡಿಸುವ ಮಷಿನ್ನು, ಗೋಡೆಗೆ ಹಾಕುವ ಸ್ಯಾನಿಟೈಸರ್ ಡಬ್ಬಿ ಅಂತೆಲ್ಲ ಪಟ್ಟಿ ಆಯಿತು. ಫೋನಿನಲ್ಲಿ ಅಕ್ಕ ಪಟ್ಟಿ ಪೂರ್ತಿ ಕೇಳಿಸಿಕೊಂಡಳು.

"ತಮಾ, ಮಷಿನ್ನು ನಡೆಸುವವರು ಯಾರು? ನಾನೇ ಅಲ್ವಾ?" ಅಂದಳು. "ನಮ್ಮಲ್ಲಿ ಇಡೀ ಶಾಲೆಗೆ ಒಂದು ನಳ. ಊಟದ ಬೆಲ್ ಹೊಡೆದರೆ ಅಲ್ಲಿ ಜಾತ್ರೆ. ಸೋಪು ಇಟ್ಟರೆ ಎರಡು ದಿನಕ್ಕೆ ಕರಗಿ ಹೋಗ್ತದೆ. ಅದಕ್ಕೆ ಏನಾದ್ರೂ ಮಾಡ್ರೋ."

"ಮತ್ತೆ ಕಿಟಕಿ?"

"ಎರಚಲು ಬರ್ತದೆ, ಹೇಗೆ ತೆರೆಯೂದು? ಮೇಲೆ ಒಂದು ತಗಡಿನ ಮಾಡು ಇಳಿಸಿಕೊಟ್ರೆ ಮಳೆಯಲ್ಲೂ ತೆರೆದಿಡ್ತೆ."

ಇಷ್ಟು ಹೊತ್ತು ನಾನು ಬರೆದ ನಾನೂರಕ್ಕೂ ಹೆಚ್ಚು ವರ್ಷಗಳ ಕತೆಯ ಸಾರ ಅವಳ ಈ ಎರಡು ಮಾತಿನಲ್ಲಿದೆ. ಫ್ರಕಾಸ್ಟೊರೊ, ಚಾಪಿನ್, ವೆಲ್ಸ್ ಯಾರ ಹೆಸರೂ ಅವಳಿಗೆ ಬೇಕಿಲ್ಲ. ಮಕ್ಕಳ ಕೈಗೆ ನೀರು, ಕೋಣೆಗೆ ಗಾಳಿ. ಕೂಡಿಸಿದ ದುಡ್ಡಿನಲ್ಲಿ ಒಂದು ಸಾಲು ನಳ ಆಯಿತು, ಎತ್ತರ ಒಂದನೇ ಕ್ಲಾಸಿನ ಮಗುವಿಗೆ ಎಟುಕುವಷ್ಟು. ಕಿಟಕಿಗಳ ಹೊರಗೆ ತಗಡಿನ ಮಾಡು ಇಳಿಯಿತು. ಸೋಪಿಗೆ ತಿಂಗಳಿಗಿಷ್ಟು ಅಂತ ಎತ್ತಿಟ್ಟೆವು, ಯಾಕಂದರೆ ನಳ ಒಂದು ಸಲದ ಖರ್ಚು, ಸೋಪು ದಿನದಿನದ್ದು.

ಮೂರನೆಯದಕ್ಕೆ ದುಡ್ಡೇ ಬೇಕಿರಲಿಲ್ಲ, ಆದರೆ ಅದೇ ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ವರ್ಷದ ಕೊನೆಯಲ್ಲಿ ಪೂರ್ಣ ಹಾಜರಾತಿಗೆ ಬಹುಮಾನ ಕೊಡುವ ಪದ್ಧತಿ ನಮ್ಮ ಶಾಲೆಗಳಲ್ಲಿ ಮೊದಲಿಂದಲೂ ಇದೆ. ಮೈ ಕೆಂಡವಾಗಿದ್ದರೂ ಮಗು ಶಾಲೆಗೆ ಬರುವುದಕ್ಕೆ ಅದೂ ಒಂದು ಕಾರಣ. ಇನ್ನೊಂದು ಕಾರಣ ಬಿಸಿಯೂಟ. ಮತ್ತೊಂದು, ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋದರೆ ಜ್ವರ ಬಂದ ಮಗುವನ್ನು ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದಿರುವುದು. ಕೊನೆಯ ಎರಡಕ್ಕೆ ಒಂದು ಶಾಲೆಯಿಂದ ಪರಿಹಾರ ಸಿಗುವುದಿಲ್ಲ. ಮೊದಲನೆಯದಕ್ಕೆ ಸಿಗುತ್ತದೆ. ಅಕ್ಕ ಪಾಲಕರ ಸಭೆಯಲ್ಲಿ ಹೇಳಿದಳು, ಜ್ವರ ಇದ್ದ ದಿನದ ಗೈರುಹಾಜರಿಯನ್ನು ಬಹುಮಾನಕ್ಕೆ ಲೆಕ್ಕ ಹಿಡಿಯುವುದಿಲ್ಲ, ಮಗುವನ್ನು ಮನೆಯಲ್ಲೇ ಮಲಗಿಸಿ. ನಮ್ಮಂಥವರಿಗೂ ಈ ಮಾತು ಅನ್ವಯಿಸುತ್ತದೆ. ಎಸಿ ಕೋಣೆಯ ಮೀಟಿಂಗಿಗೆ ಕೆಮ್ಮುತ್ತ ಬಂದು ಕೂತು, ಟೇಬಲ್ ಮೇಲಿನ ಸ್ಯಾನಿಟೈಸರ್ ಕೈಗೆ ಹಚ್ಚಿಕೊಂಡು ಎಲ್ಲ ಸರಿಯಾಯಿತು ಅಂದುಕೊಳ್ಳುವವರು ನಾವೇ ತಾನೇ?

ಪಾಟಿಗಳು ಈಗ ಹೆಚ್ಚು ಕಾಣುವುದಿಲ್ಲ. ಹಾಗಂತ ಮಕ್ಕಳ ನಡುವೆ ಹಂಚಿಕೆಯಾಗುವ ವಸ್ತುಗಳೇನೂ ಕಡಿಮೆಯಾಗಿಲ್ಲ: ಒಂದು ರಬ್ಬರ್, ಒಂದು ಬಾಟಲಿ, ಒಂದು ಮಾವಿನಕಾಯಿಯ ನಾಲ್ಕು ಕಡಿತ. ಅದನ್ನು ನಿಲ್ಲಿಸಬೇಕು ಅಂತ ನನಗೆ ಅನ್ನಿಸುವುದಿಲ್ಲ. ಯಾರ ಕೊಡಪಾನ ಯಾರು ಮುಟ್ಟಬೇಕು ಅಂತ ಲೆಕ್ಕ ಹಾಕಿದ ಶಾಲೆಗಳನ್ನು ಈ ಪ್ರಾಂತ್ಯ ಸಾಕಷ್ಟು ಕಂಡಿದೆ. ಮಕ್ಕಳು ಹಂಚಿಕೊಳ್ಳಲಿ. ಊಟಕ್ಕೆ ಮೊದಲು ಕೈ ತೊಳೆಯಲಿ, ಮಳೆ ಬಂದರೂ ಕಿಟಕಿ ತೆರೆದಿರಲಿ, ಜ್ವರ ಬಂದವರು ಮನೆಯಲ್ಲಿ ಗಂಜಿ ಕುಡಿದು ಮಲಗಲಿ.